ಕಂಟ್ರೋಲ್-ಸಿಗೆ ಕನ್ನಡ ಗೊತ್ತಿಲ್ಲ

ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಕನ್ನಡದ ಹಳೆಯ ತೊಡಕುಗಳು ಬಹುಪಾಲು ನೀಗಿವೆ. ಒತ್ತಕ್ಷರ ಒಡೆಯುವುದಿಲ್ಲ, ಕಡತಕ್ಕೆ ಕನ್ನಡದಲ್ಲೇ ಹೆಸರಿಡಬಹುದು, ಮೆನುಗಳೂ ಅಲ್ಲಲ್ಲಿ ಕನ್ನಡದಲ್ಲಿ ಕಾಣಿಸುತ್ತವೆ. ಇಷ್ಟೆಲ್ಲ ಇದ್ದೂ, ಕೀಲಿಮಣೆಯನ್ನು ಕನ್ನಡಕ್ಕೆ ಬದಲಿಸಿ ಒಂದು ಸಾಲು ಬರೆದು, ಅದನ್ನು ನಕಲಿಸಲು ಕಂಟ್ರೋಲ್-ಸಿ ಒತ್ತಿದರೆ ಕೆಲವು ತಂತ್ರಾಂಶಗಳಲ್ಲಿ ನಕಲಾಗುತ್ತದೆ, ಕೆಲವುಗಳಲ್ಲಿ ಏನೂ ಆಗುವುದಿಲ್ಲ. ಉಳಿಸಲು ಕಂಟ್ರೋಲ್-ಎಸ್, ಹುಡುಕಲು ಕಂಟ್ರೋಲ್-ಎಫ್, ತಪ್ಪಾದದ್ದನ್ನು ಹಿಂದಕ್ಕೆ ಪಡೆಯಲು ಕಂಟ್ರೋಲ್-ಜೆಡ್, ಎಲ್ಲದರದೂ ಇದೇ ಪಾಡು. ಬಳಸುವವರು ಕೀಬೋರ್ಡ್ ಕೆಟ್ಟಿದೆ ಎಂದುಕೊಳ್ಳುತ್ತಾರೆ, ಇಲ್ಲವೇ ಲಿನಕ್ಸೇ ಹೀಗೆ ಎಂದು ಬೇಸತ್ತು ಬಿಡುತ್ತಾರೆ. ಎರಡೂ ತಪ್ಪು ತೀರ್ಮಾನ. ಇದು ಯಂತ್ರದ ದೋಷವೂ ಅಲ್ಲ, ಕೈಯ ದೋಷವೂ ಅಲ್ಲ. ಶಾರ್ಟ್‌ಕಟ್ ಒತ್ತುವವರ ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರ ಇದ್ದೇ ಇರುತ್ತದೆ ಎಂದು ನಂಬಿ ಕಟ್ಟಿದ ವ್ಯವಸ್ಥೆಯ ಫಲ. ಭಾಷೆ ಬದಲಿಸಿದ ಕ್ಷಣದಲ್ಲಿ ಶಾರ್ಟ್‌ಕಟ್ ಸತ್ತುಹೋಗುವ ಡೆಸ್ಕ್‌ಟಾಪ್ ಆ ಭಾಷೆಗೆ ಇನ್ನೂ ಪೂರ್ತಿ ಬೆಂಬಲ ಕೊಟ್ಟಿಲ್ಲ ಎಂದೇ ಲೆಕ್ಕ. ಅಕ್ಷರ ಮೂಡಿಸುವುದು ಬೆಂಬಲದ ಅರ್ಧ ಭಾಗ ಮಾತ್ರ.

ಒಂದೇ ಒಂದು ಕೀಲಿಯನ್ನು ಹಿಂಬಾಲಿಸಿದರೆ ವಿಷಯ ತಿಳಿಯಾಗುತ್ತದೆ. ಕೆಳಸಾಲಿನ ಎಡಗಡೆಯಿಂದ ಮೂರನೆಯ ಅಕ್ಷರದ ಕೀಲಿ, ಸಿ. ಅದನ್ನು ಒತ್ತಿದಾಗ ಲಿನಕ್ಸ್ ಕರ್ನಲ್‌ಗೆ ತಲುಪುವುದು ಅಕ್ಷರವಲ್ಲ, 46 ಎಂಬ ಒಂದು ಸಂಖ್ಯೆ. ತೆರೆಯನ್ನು ನಿಭಾಯಿಸುವ ವ್ಯವಸ್ಥೆ, ಹಳೆಯ ಎಕ್ಸ್ ಆಗಲಿ ಹೊಸ ವೇಲ್ಯಾಂಡ್ ಆಗಲಿ, ಅದಕ್ಕೆ 8 ಕೂಡಿಸಿಕೊಂಡು 54 ಎಂದು ಓದುತ್ತದೆ. ಇಲ್ಲಿಯವರೆಗೆ ಭಾಷೆಯ ಮಾತೇ ಇಲ್ಲ. 54 ಎಂದರೆ ಆ ಜಾಗದಲ್ಲಿರುವ ಕೀಲಿ, ಅಷ್ಟೇ. ಅದರ ಮುಂದಿನ ಹಂತದಲ್ಲಿ ಎಕ್ಸ್‌ಕೆಬಿ ಎಂಬ ಪದರ ಲೇಔಟಿನ ಪಟ್ಟಿಯನ್ನು ತೆರೆದು 54ಕ್ಕೆ ಯಾವ ಅಕ್ಷರ ಎಂದು ನೋಡುತ್ತದೆ. ಇಂಗ್ಲಿಷ್ ಇದ್ದರೆ ಸಿ. ಕನ್ನಡ ಇನ್‌ಸ್ಕ್ರಿಪ್ಟ್ ಇದ್ದರೆ ಮ. ನುಡಿ ತಂತ್ರಾಂಶ ಬಳಸಿದವರಿಗೆ ಪರಿಚಿತವಾದ, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಲೇಔಟ್ ಇದ್ದರೆ ಚ. ಶಾರ್ಟ್‌ಕಟ್‌ಗಾಗಿ ಕಾಯುತ್ತಿರುವ ತಂತ್ರಾಂಶ ಈ ಸರಣಿಯ ಕೊನೆಯಲ್ಲಿ ಕೂತಿದೆ. ಅದು ಕಾಯುತ್ತಿರುವುದು ಕಂಟ್ರೋಲ್ ಮತ್ತು ಸಿ ಎಂಬ ಜೋಡಿಗೆ. ಬಂದದ್ದು ಕಂಟ್ರೋಲ್ ಮತ್ತು ಮ. ಹಾಗೊಂದು ಆಜ್ಞೆ ಅದರ ಪಟ್ಟಿಯಲ್ಲಿಲ್ಲ, ಸುಮ್ಮನಾಗುತ್ತದೆ. ಕಗಪದಲ್ಲಿ ಒತ್ತಕ್ಷರ ಕೊಡುವ ಕೀಲಿ ಎಫ್. ಹಾಗಾಗಿ ಹುಡುಕಲು ಕಂಟ್ರೋಲ್-ಎಫ್ ಒತ್ತಿದವರು ನಿಜದಲ್ಲಿ ಕಳಿಸಿದ್ದು ಕಂಟ್ರೋಲ್ ಜೊತೆಗೊಂದು ಹಲಂತ. ತಪ್ಪಿನ ಸಂದೇಶ ಬರುವುದಿಲ್ಲ, ಗಂಟೆ ಬಡಿಯುವುದಿಲ್ಲ, ಏನಾಯಿತೆಂದು ಹೇಳುವವರೂ ಇಲ್ಲ.

ಇಂಗ್ಲಿಷ್ ಅಕ್ಷರಕ್ಕೇ ಶಾರ್ಟ್‌ಕಟ್ ಅಂಟಿಕೊಂಡದ್ದು ಯಾರೋ ಕನ್ನಡವನ್ನು ಬೇಕೆಂದೇ ಬಿಟ್ಟದ್ದರಿಂದಲ್ಲ. ಅದರ ಬೇರು 1963ರಲ್ಲಿ ಪ್ರಕಟವಾದ ಆಸ್ಕಿ ಸಂಕೇತದಲ್ಲಿದೆ. ಅದರಲ್ಲಿ ದೊಡ್ಡಕ್ಷರದ ಸಿಗೆ 67. ಕಂಟ್ರೋಲ್ ಒತ್ತಿದರೆ ಅದರಿಂದ 64 ಕಳೆದು 3 ಉಳಿಯುತ್ತದೆ. ಟರ್ಮಿನಲ್‌ನಲ್ಲಿ ಓಡುತ್ತಿರುವ ಕಾರ್ಯಕ್ರಮವನ್ನು ಕಂಟ್ರೋಲ್-ಸಿ ಇಂದಿಗೂ ನಿಲ್ಲಿಸುವುದು ಆ 3 ಎಂಬ ಸಂಖ್ಯೆಯ ಬಲದಿಂದ. ಯೂನಿಕೋಡ್‌ನಲ್ಲಿ ಮ ಅಕ್ಷರದ ಸಂಖ್ಯೆ 3246. ಅದರಿಂದ 64 ಕಳೆದರೆ ಯಾವ ಆಜ್ಞೆಯೂ ಹುಟ್ಟುವುದಿಲ್ಲ. ಆದರೆ ನಕಲು, ಕತ್ತರಿ, ಅಂಟಿಸುವಿಕೆಯ ಕಥೆ ಬೇರೆ. 1980ರ ದಶಕದ ಮೊದಲ ವರ್ಷಗಳಲ್ಲಿ ಆ್ಯಪಲ್‌ನ ಲೀಸಾ, ಮ್ಯಾಕಿಂಟಾಷ್ ಯಂತ್ರಗಳಿಂದ ರೂಢಿಗೆ ಬಂದ ಜೆಡ್, ಎಕ್ಸ್, ಸಿ, ವಿ ಎಂಬ ನಾಲ್ಕು ಕೀಲಿಗಳು ಒಂದರ ಪಕ್ಕ ಒಂದು ಸಾಲಾಗಿ ಕೂತಿವೆ. ಪೇಸ್ಟ್ ಎಂಬ ಪದದಲ್ಲಿ ವಿ ಎಂಬ ಅಕ್ಷರ ಎಲ್ಲೂ ಇಲ್ಲ. ಅಂದರೆ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಶಾರ್ಟ್‌ಕಟ್‌ಗಳು ಮೊದಲಿನಿಂದಲೂ ಅಕ್ಷರವನ್ನಷ್ಟೇ ಅಲ್ಲ, ಬೆರಳಿನ ಜಾಗವನ್ನೂ ನೆಚ್ಚಿದ್ದವು. ಜಾಗ ಬದಲಾಗದೆ ಅಕ್ಷರ ಮಾತ್ರ ಬದಲಾದಾಗ ಅವು ನಿಂತುಹೋಗುವುದಕ್ಕೆ ತರ್ಕವೇ ಇಲ್ಲ.

ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಲಿನಕ್ಸ್ ತಂತ್ರಾಂಶಗಳ ತಳಹದಿಯಾದ ಜಿಟಿಕೆ ಮತ್ತು ಕ್ಯೂಟಿ ಇದಕ್ಕೊಂದು ಉಪಾಯ ಮಾಡಿಕೊಂಡಿವೆ: ಸಿಕ್ಕ ಅಕ್ಷರ ಇಂಗ್ಲಿಷಿನದಲ್ಲದಿದ್ದರೆ, ಬಳಕೆದಾರರು ಜೋಡಿಸಿಟ್ಟ ಉಳಿದ ಲೇಔಟ್‌ಗಳಲ್ಲಿ ಅದೇ ಕೀಲಿಗೆ ಇಂಗ್ಲಿಷ್ ಅಕ್ಷರ ಇದೆಯೇ ಎಂದು ಹುಡುಕುತ್ತವೆ. ಇಂಗ್ಲಿಷ್ ಮತ್ತು ಕನ್ನಡ ಎರಡನ್ನೂ ಇಟ್ಟುಕೊಂಡವರಿಗೆ ಹಲವು ತಂತ್ರಾಂಶಗಳಲ್ಲಿ ಶಾರ್ಟ್‌ಕಟ್ ಕೆಲಸ ಮಾಡುವುದು ಈ ಹುಡುಕಾಟದ ದಯೆಯಿಂದ. ಕನ್ನಡ ಒಂದನ್ನೇ ಇಟ್ಟುಕೊಂಡವರಿಗೆ ಹುಡುಕಲು ಬೇರೆ ಲೇಔಟೇ ಇಲ್ಲ. ಕೆಲವು ಹಳೆಯ ತಂತ್ರಾಂಶಗಳು ಪಟ್ಟಿಯ ಮೊದಲನೆಯ ಲೇಔಟನ್ನಷ್ಟೇ ನೋಡುತ್ತವೆ. ಅಲ್ಲಿ ಕನ್ನಡ ಮೊದಲಿದ್ದು ಇಂಗ್ಲಿಷ್ ಎರಡನೆಯದಾಗಿದ್ದರೂ ತೊಂದರೆಯೇ. ಬ್ರೌಸರಿನೊಳಗೆ ಓಡುವ ಸಂಪಾದಕಗಳದು ಇನ್ನೊಂದು ಬಗೆ. ಜಾವಾಸ್ಕ್ರಿಪ್ಟ್ ಒಂದು ಕೀಲಿ ಒತ್ತಿದಾಗ ಎರಡು ಉತ್ತರ ಕೊಡುತ್ತದೆ: ಮೂಡಿದ ಅಕ್ಷರ ಯಾವುದು, ಒತ್ತಿದ ಜಾಗ ಯಾವುದು. ತಾಣ ಕಟ್ಟಿದವರು ಮೊದಲನೆಯದನ್ನು ಮಾತ್ರ ಕೇಳಿದ್ದರೆ ಕನ್ನಡದಲ್ಲಿ ಅವರ ಶಾರ್ಟ್‌ಕಟ್ ಸಾಯುತ್ತದೆ. ಎರಡನೆಯದನ್ನೂ ವಿಚಾರಿಸಿದ್ದರೆ ಬದುಕುತ್ತದೆ. ಒಂದೇ ತೆರೆಯ ಮೇಲೆ, ಒಂದೇ ಬೆರಳಿಗೆ, ಮೂರು ಕಿಟಕಿಗಳಲ್ಲಿ ಮೂರು ಬಗೆಯ ಫಲ. ಸಾಮಾನ್ಯ ಬಳಕೆದಾರರನ್ನು ನಿಜವಾಗಿ ಕಂಗೆಡಿಸುವುದು ಈ ಅನಿಶ್ಚಿತತೆ. ಪೂರ್ತಿ ಕೆಟ್ಟಿದ್ದರೆ ಯಾರಾದರೂ ದುರಸ್ತಿ ಮಾಡುತ್ತಿದ್ದರು.

ಹಾಗೆಂದು ಲಿನಕ್ಸ್‌ನಲ್ಲಿ ಶಾರ್ಟ್‌ಕಟ್ ನಿಂತಾಗಲೆಲ್ಲ ಕನ್ನಡವನ್ನೇ ದೂರಬೇಕಿಲ್ಲ, ಮತ್ತು ಕಾರಣವನ್ನು ಬೇರ್ಪಡಿಸುವುದು ತೋರುವಷ್ಟು ಕಷ್ಟವಲ್ಲ. ಲೇಔಟನ್ನು ಇಂಗ್ಲಿಷಿಗೆ ತಿರುಗಿಸಿ ಅದೇ ಜೋಡಿಯನ್ನು ಒತ್ತಿ ನೋಡುವುದು ಮೊದಲ ಪರೀಕ್ಷೆ. ಕೆಲಸ ಮಾಡಿದರೆ ಕಾರಣ ಲೇಔಟ್. ಇಂಗ್ಲಿಷನ್ನು ಪಟ್ಟಿಯ ಮೊದಲಿಗೆ ತಂದರೆ ಅನೇಕ ವೇಳೆ ಅಲ್ಲಿಗೆ ಮುಗಿಯುತ್ತದೆ. ಇಂಗ್ಲಿಷಿನಲ್ಲೂ ಸತ್ತೇ ಇದ್ದರೆ, ಒಂದೇ ತಂತ್ರಾಂಶದಲ್ಲೋ ಎಲ್ಲೆಡೆಯೋ ಎಂದು ನೋಡಬೇಕು. ಒಂದರಲ್ಲೇ ಆದರೆ ಕಾರಣ ಆ ತಂತ್ರಾಂಶದ್ದೇ. ಎಲ್ಲೆಡೆ ಸತ್ತಿದ್ದರೆ ನಡುದಾರಿಯಲ್ಲಿ ಯಾರೋ ಅದನ್ನು ಹಿಡಿದಿಟ್ಟುಕೊಂಡಿದ್ದಾರೆ. ಸರ್ಕಾರಿ ಕಚೇರಿಯ ಕಡತದಂತೆ ಕೀಲಿಯ ಒತ್ತೂ ಮೇಜಿನಿಂದ ಮೇಜಿಗೆ ಸಾಗುತ್ತದೆ. ಮೊದಲ ಮೇಜಿನವರು ಇಟ್ಟುಕೊಂಡರೆ ಕೊನೆಯವರಿಗೆ ಅದು ಬಂದದ್ದೇ ತಿಳಿಯದು. ಎಕ್ಸ್ ವ್ಯವಸ್ಥೆಯಲ್ಲಿ ಒಂದು ಜೋಡಿಯನ್ನು ಡೆಸ್ಕ್‌ಟಾಪಿನಾದ್ಯಂತ ಕಾಯ್ದಿರಿಸುವ ಹಕ್ಕು ಒಮ್ಮೆಗೆ ಒಂದೇ ತಂತ್ರಾಂಶಕ್ಕೆ. ಎರಡನೆಯದು ಕೇಳಿದರೆ ನಿರಾಕರಣೆ. ಎಕ್ಸ್‌ಇವಿ ಎಂಬ ಪುಟ್ಟ ಕಿಟಕಿ, ವೇಲ್ಯಾಂಡ್ ಇದ್ದರೆ ಡಬ್ಲ್ಯುಇವಿ, ಒತ್ತಿದ ಪ್ರತಿ ಕೀಲಿಯ ಸಂಖ್ಯೆಯನ್ನೂ ಅಕ್ಷರವನ್ನೂ ಸಾಲುಸಾಲಾಗಿ ತೋರಿಸುತ್ತದೆ. ಅಲ್ಲಿ ಸಾಲೇ ಮೂಡದಿದ್ದರೆ ಹಿಡಿದವರು ಮೇಲಿದ್ದಾರೆ ಎಂದರ್ಥ.

ಹಿಡಿದವರು ಯಾರು ಎಂಬುದರಲ್ಲಿ ಒಂದು ವ್ಯಂಗ್ಯವಿದೆ. ಅನೇಕ ಬಾರಿ ಅದು ಭಾಷೆಗಳಿಗೆಂದೇ ಇರುವ ಐಬಸ್ ಎಂಬ ತಂತ್ರಾಂಶ. ಅದರ ಹಲವು ಆವೃತ್ತಿಗಳಲ್ಲಿ ಎಮೋಜಿ ತೆರೆಯಲು ಕಂಟ್ರೋಲ್ ಮತ್ತು ಚುಕ್ಕೆಯ ಜೋಡಿ ಮೀಸಲಾಗಿತ್ತು. ಪ್ರೋಗ್ರಾಮರುಗಳು ನೆಚ್ಚುವ ವಿಎಸ್ ಕೋಡ್‌ನಲ್ಲಿ ತಪ್ಪು ತಿದ್ದುವ ಸಲಹೆಗೂ ಅದೇ ಜೋಡಿ. ಕಂಟ್ರೋಲ್-ಶಿಫ್ಟ್-ಯು ಯೂನಿಕೋಡ್ ಸಂಖ್ಯೆಯಿಂದ ಅಕ್ಷರ ಬರೆಯಲು ಮೀಸಲು. ಅದಾದ ಮೇಲೆ 0ಸಿ95 ಎಂದು ಒತ್ತಿದರೆ ಕ ಮೂಡುತ್ತದೆ, ಉಪಯುಕ್ತವೇ, ಆದರೆ ಆ ಜೋಡಿ ಬೇರೆಯವರಿಗೆ ಸಿಗದು. ಇನ್ನೊಂದು ಹಳೆಯ ಕಾಟ ಭಾಷೆ ಬದಲಿಸುವ ಜೋಡಿಯದು. ಕಂಟ್ರೋಲ್-ಶಿಫ್ಟ್ ಒತ್ತಿದರೆ ಕನ್ನಡ-ಇಂಗ್ಲಿಷ್ ಬದಲಾಗುವಂತೆ ಇಟ್ಟುಕೊಂಡರೆ, ಬೆರಳು ಬಿಡುವವರೆಗೆ ಕಾಯದೆ ಒತ್ತಿದ ಕೂಡಲೇ ಲೇಔಟ್ ಜಿಗಿಯುತ್ತದೆ. ಟರ್ಮಿನಲ್‌ನಲ್ಲಿ ನಕಲಿಸುವ ಕಂಟ್ರೋಲ್-ಶಿಫ್ಟ್-ಸಿ ಅಲ್ಲಿಗೆ ಹಾಳು. ಉಬುಂಟುವಿನ ದೋಷಪಟ್ಟಿಗೆ ಈ ದೂರು ಸೇರಿದ್ದು 2006ರಲ್ಲಿ. ಒಂದೇ ಭಾಷೆಯಲ್ಲಿ ಬರೆಯುವವರಿಗೆ ಇದು ಎಂದೂ ಎದುರಾಗುವುದಿಲ್ಲ, ಹಾಗಾಗಿ ಅದನ್ನು ಸರಿಪಡಿಸುವ ಅವಸರವೂ ಅವರಿಗಿಲ್ಲ. ಉಳಿದ ಕಾರಣಗಳನ್ನು ಬೇಗ ಹೇಳಿ ಮುಗಿಸಬಹುದು: ಟರ್ಮಿನಲ್‌ನಲ್ಲಿ ಕಂಟ್ರೋಲ್-ಎಸ್ ತೆರೆಯನ್ನೇ ತಡೆಹಿಡಿಯುತ್ತದೆ, ಕಂಟ್ರೋಲ್-ಕ್ಯೂ ಬಿಡಿಸುತ್ತದೆ, ಎಫ್ ಸಾಲಿನ ಕೀಲಿಗಳು ಧ್ವನಿ, ಬೆಳಕಿನ ಗುಂಡಿಗಳಾಗಿ ಬದಲಾಗಿರಬಹುದು, ಎಕ್ಸ್‌ನಿಂದ ವೇಲ್ಯಾಂಡ್‌ಗೆ ಬಂದ ಮೇಲೆ ಒಂದು ತಂತ್ರಾಂಶ ಇನ್ನೊಂದರ ಕೀಲಿಗಳನ್ನು ಕದ್ದು ಕೇಳುವಂತಿಲ್ಲ, ಆದ್ದರಿಂದ ಹಿನ್ನೆಲೆಯಲ್ಲಿ ಕೂತು ಶಾರ್ಟ್‌ಕಟ್ ಕಾಯುತ್ತಿದ್ದ ಹಳೆಯ ಸಾಧನಗಳು ಕಿವುಡಾಗಿವೆ. ಈ ಕೊನೆಯದು ಭದ್ರತೆಯ ದೃಷ್ಟಿಯಿಂದ ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ, ತೊಂದರೆ ಎಷ್ಟೇ ಆಗಲಿ.

ಮತ್ತೆ ಕನ್ನಡಕ್ಕೆ. ಲಿನಕ್ಸ್‌ನಲ್ಲಿ ಕನ್ನಡ ಬರೆಯಲು ಎರಡು ದಾರಿಗಳಿವೆ, ಇಡೀ ಚರ್ಚೆಯ ಗಂಟು ಇಲ್ಲೇ ಇದೆ. ಒಂದು, ಮೇಲೆ ಹೇಳಿದ ಎಕ್ಸ್‌ಕೆಬಿ ಲೇಔಟ್: ಅದರಲ್ಲಿ ಕೀಲಿಯೇ ಕನ್ನಡ ಅಕ್ಷರವಾಗಿಬಿಡುತ್ತದೆ. ಇನ್ನೊಂದು, ಐಬಸ್ ಮೂಲಕ ಎಂ17ಎನ್ ಎಂಬ ಸಂಗ್ರಹದ ಇನ್‌ಪುಟ್ ಮೆಥಡ್: ಅದರಲ್ಲಿ ಕೀಲಿ ಇಂಗ್ಲಿಷಾಗಿಯೇ ಉಳಿಯುತ್ತದೆ, ಒತ್ತಿದ ಇಂಗ್ಲಿಷ್ ಅಕ್ಷರಗಳನ್ನು ಒಂದು ಮಧ್ಯವರ್ತಿ ಕನ್ನಡವಾಗಿಸಿ ಕೊಡುತ್ತದೆ. ಕಂಟ್ರೋಲ್ ಒತ್ತಿದಾಗ ಮಧ್ಯವರ್ತಿ ಪಕ್ಕಕ್ಕೆ ಸರಿಯುವುದರಿಂದ ಎರಡನೆಯ ದಾರಿಯಲ್ಲಿ ಶಾರ್ಟ್‌ಕಟ್‌ಗಳು ಸಾಮಾನ್ಯವಾಗಿ ಬದುಕುತ್ತವೆ. ಈಮ್ಯಾಕ್ಸ್ ತನ್ನೊಳಗೇ ಇಟ್ಟುಕೊಂಡಿರುವ ಕನ್ನಡ ಇನ್‌ಪುಟ್ ಮೆಥಡ್‌ಗಳದೂ ಇದೇ ಕ್ರಮ; ಕನ್ನಡ ಬರೆಯುತ್ತಿರುವಾಗಲೂ ಅದರ ನೂರಾರು ಆಜ್ಞೆಗಳಿಗೆ ಅಡ್ಡಿಯಿಲ್ಲ. ಈಗ ಗ್ನೋಮ್ ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ಸೇರಿಸುವ ಪಟ್ಟಿ ತೆರೆದು ನೋಡಿ. ಕನ್ನಡ ಎಂದೊಂದು ಸಾಲು, ಕನ್ನಡ ಕಗಪ ಎಂದೊಂದು, ಎಂ17ಎನ್ ಹಾಕಿದ್ದರೆ ಅದರ ಹತ್ತಿರವೇ ಕನ್ನಡ ಕೆಜಿಪಿ ಎಂ17ಎನ್, ಕನ್ನಡ ಇನ್‌ಸ್ಕ್ರಿಪ್ಟ್ ಎಂ17ಎನ್, ಕನ್ನಡ ಐಟ್ರಾನ್ಸ್ ಎಂ17ಎನ್. ಕಗಪ ಮತ್ತು ಕೆಜಿಪಿ ಒಂದೇ ವಿನ್ಯಾಸದ ಎರಡು ಹೆಸರು. ಎರಡರಲ್ಲೂ ಕನ್ನಡ ಎಂದು ಬರೆಯಲು ಒತ್ತುವ ಕೀಲಿಗಳು ಅವೇ. ಒಂದನ್ನು ಆರಿಸಿದರೆ ಶಾರ್ಟ್‌ಕಟ್ ಹೋದೀತು, ಇನ್ನೊಂದನ್ನು ಆರಿಸಿದರೆ ಉಳಿದೀತು ಎಂಬ ಸುಳಿವು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಆಯ್ಕೆಯನ್ನು ಬಳಕೆದಾರರ ತಲೆಗೆ ಹಾಕಿ, ಅದರ ಪರಿಣಾಮವನ್ನು ಮಾತ್ರ ಮರೆಮಾಡಿದ ಪಟ್ಟಿ ಅದು.

ಇಷ್ಟು ಗೋಳೇಕೆ, ಶಾರ್ಟ್‌ಕಟ್ ಬೇಕಾದಾಗ ಇಂಗ್ಲಿಷಿಗೆ ಬದಲಿಸಿ ಒತ್ತಿದರಾಯಿತು ಎನ್ನುವವರಿದ್ದಾರೆ. ತಿಂಗಳಿಗೊಂದು ಪತ್ರ ಬರೆಯುವವರಿಗೆ ಸರಿ. ದಿನವಿಡೀ ಕನ್ನಡದಲ್ಲಿ ಕೆಲಸ ಮಾಡುವ ಉಪಸಂಪಾದಕರು, ವಿಕಿಪೀಡಿಯ ತಿದ್ದುವವರು, ಗ್ರಾಮ ಪಂಚಾಯಿತಿಯ ಪತ್ರ ಬರೆಯುವ ಡಾಟಾ ಎಂಟ್ರಿಯವರು ಒಂದು ಪ್ಯಾರಾದಲ್ಲಿ ಹತ್ತಾರು ಸಲ ನಕಲಿಸುತ್ತಾರೆ, ಉಳಿಸುತ್ತಾರೆ, ದಪ್ಪಕ್ಷರ ಮಾಡುತ್ತಾರೆ. ಪ್ರತಿ ಸಲವೂ ಭಾಷೆ ಬದಲಿಸುವ ಸೂಪರ್-ಸ್ಪೇಸ್ ಒತ್ತಿ ಹೋಗಿ, ಕೆಲಸ ಮುಗಿಸಿ, ಮತ್ತೆ ಒತ್ತಿ ಬರಬೇಕೆಂದರೆ ಶಾರ್ಟ್‌ಕಟ್ ಎಂಬ ವಸ್ತು ಇರುವುದೇ ಯಾಕೆ? ಮರಳಿ ಬದಲಿಸಲು ಮರೆತರೆ ಕನ್ನಡದ ನಡುವೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬೇರೆ. ಕೊನೆಗೆ ಬೇಸತ್ತವರು ಮೌಸ್ ಹಿಡಿಯುತ್ತಾರೆ, ಇಲ್ಲವೇ ಇಂಗ್ಲಿಷಿನಲ್ಲೇ ಬರೆದುಬಿಡುತ್ತಾರೆ. ಈ ಎರಡನೆಯ ಆಯ್ಕೆಯನ್ನು ಯಾವ ದೋಷಪಟ್ಟಿಯೂ ದಾಖಲಿಸುವುದಿಲ್ಲ.

ಕನ್ನಡದಲ್ಲಿ ಲಿನಕ್ಸ್ ಬಳಸುವವರೇ ಬೆರಳೆಣಿಕೆ, ಅವರಿಗಾಗಿ ಇಡೀ ವ್ಯವಸ್ಥೆ ಬದಲಾಗಬೇಕೇ ಎಂಬುದು ಇನ್ನೊಂದು ಆಕ್ಷೇಪ. ಇದು ಕನ್ನಡದ ಒಂಟಿ ಸಮಸ್ಯೆಯಾಗಿದ್ದರೆ ಅದಕ್ಕೆ ತೂಕವಿರುತ್ತಿತ್ತು. ರಷ್ಯನ್, ಗ್ರೀಕ್, ಹೀಬ್ರೂ, ಅರೇಬಿಕ್, ಹಿಂದಿ, ತಮಿಳು, ಮಲಯಾಳ, ಹೀಗೆ ರೋಮನ್ ಲಿಪಿಯಲ್ಲದ ಲೇಔಟ್ ಬಳಸುವ ಎಲ್ಲರೂ ಇದೇ ಹಳ್ಳಕ್ಕೆ ಬೀಳುತ್ತಾರೆ. ಅದನ್ನು ಮುಚ್ಚಲಾಗದು ಎಂಬುದೂ ಸುಳ್ಳು. ವಿಂಡೋಸ್‌ನಲ್ಲಿ ಮೂಡುವ ಅಕ್ಷರದ ಜೊತೆಗೆ ಪ್ರತಿ ಕೀಲಿಗೆ ಇನ್ನೊಂದು ಗುರುತೂ ಅಂಟಿರುತ್ತದೆ. ಕನ್ನಡ ಲೇಔಟಿನಲ್ಲೂ ಸಿ ಕೀಲಿಯ ಆ ಗುರುತು ಸಿ ಎಂದೇ ಉಳಿಯುವುದರಿಂದ ಕಂಟ್ರೋಲ್-ಸಿ ನಡೆಯುತ್ತದೆ. ಮ್ಯಾಕ್‌ನಲ್ಲಿ ಕಮಾಂಡ್ ಕೀಲಿ ಒತ್ತಿ ಹಿಡಿದಷ್ಟು ಹೊತ್ತು ಲೇಔಟ್ ತಾತ್ಕಾಲಿಕವಾಗಿ ರೋಮನ್ ಆಗುತ್ತದೆ. ಎರಡೂ ಹಳೆಯ ಪರಿಹಾರಗಳು. ಲಿನಕ್ಸ್‌ನಲ್ಲಿ ಅದು ಪ್ರತಿ ತಂತ್ರಾಂಶದ ಸೌಜನ್ಯಕ್ಕೆ ಬಿಟ್ಟ ವಿಷಯವಾಗಿ ಉಳಿದಿದೆ, ಎಲ್ಲರ ಕೆಳಗಿರುವ ಪದರದ ನಿಯಮವಾಗಿಲ್ಲ.

ಗಟ್ಟಿಯಾದ ಆಕ್ಷೇಪ ತಂತ್ರಜ್ಞರದು. ಜಾಗವನ್ನು ನೆಚ್ಚಿದರೆ ರೋಮನ್ ಅಕ್ಷರಗಳನ್ನೇ ಬೇರೆ ಕ್ರಮದಲ್ಲಿ ಜೋಡಿಸಿದ ಡ್ವೊರ್ಯಾಕ್ ಲೇಔಟ್ ಬಳಸುವವರಿಗೂ, ಎ ಮತ್ತು ಕ್ಯೂ ಅದಲುಬದಲಾಗಿರುವ ಫ್ರೆಂಚ್ ಕೀಲಿಮಣೆಯವರಿಗೂ ಅನ್ಯಾಯವಾಗುತ್ತದೆ ಎನ್ನುತ್ತಾರೆ ಅವರು. ನಿಜ. ಫ್ರೆಂಚ್ ಕೀಲಿಮಣೆಯಲ್ಲಿ ಎ ಎಂದು ಅಚ್ಚಾಗಿರುವ ಕೀಲಿಯನ್ನು ಒತ್ತಿದವರಿಗೆ ತಂತ್ರಾಂಶ ಮುಚ್ಚಿಹೋಗುವ ಕಂಟ್ರೋಲ್-ಕ್ಯೂ ಫಲ ಸಿಕ್ಕರೆ ಅದು ಕನ್ನಡದಲ್ಲಿ ಶಾರ್ಟ್‌ಕಟ್ ಸುಮ್ಮನಿರುವುದಕ್ಕಿಂತ ದೊಡ್ಡ ತಪ್ಪು. ಆದರೆ ಈ ವಾದ ಎರಡೇ ಆಯ್ಕೆಗಳಿವೆ ಎಂದುಕೊಳ್ಳುತ್ತದೆ: ಸದಾ ಅಕ್ಷರ, ಇಲ್ಲವೇ ಸದಾ ಜಾಗ. ಮಧ್ಯದ ಕ್ರಮ ಸರಳವಾಗಿದೆ. ಒತ್ತಿದ ಕೀಲಿ ರೋಮನ್ ಅಕ್ಷರ ಕೊಟ್ಟರೆ ಅದನ್ನೇ ಗೌರವಿಸಬೇಕು. ಕೊಡದಿದ್ದರೆ ಬಳಕೆದಾರರು ಇಟ್ಟುಕೊಂಡ ಬೇರೆ ರೋಮನ್ ಲೇಔಟ್‌ ನೋಡಬೇಕು. ಅದೂ ಇಲ್ಲದಿದ್ದರೆ ಮಾತ್ರ ಜಾಗಕ್ಕೆ ಮೊರೆಹೋಗಬೇಕು. ಫ್ರೆಂಚರಿಗೂ ಡ್ವೊರ್ಯಾಕ್‌ನವರಿಗೂ ಮೊದಲ ಮೆಟ್ಟಿಲಲ್ಲೇ ಉತ್ತರ ಸಿಗುವುದರಿಂದ ಅವರಿಗೆ ಏನೂ ಬದಲಾಗದು. ಕನ್ನಡದವರಿಗೆ ಎರಡನೆಯ ಇಲ್ಲವೇ ಮೂರನೆಯ ಮೆಟ್ಟಿಲಲ್ಲಿ ಸಿಗುತ್ತದೆ. ಎಕ್ಸ್ ನಿಯಮದಂತೆ ಒಮ್ಮೆಗೆ ನಾಲ್ಕು ಲೇಔಟ್‌ಗಳಿಗಷ್ಟೇ ಜಾಗ ಎಂಬುದು ಹಿಂದೆ ನಿಜವಾದ ಇಕ್ಕಟ್ಟಾಗಿತ್ತು. ವೇಲ್ಯಾಂಡ್ ಬಳಸುವ ಲೈಬ್ರರಿ 32ರವರೆಗೆ ನಿಭಾಯಿಸುತ್ತದೆ. ಹಿನ್ನೆಲೆಯಲ್ಲಿ ಸದ್ದಿಲ್ಲದೆ ಒಂದು ಇಂಗ್ಲಿಷ್ ಲೇಔಟ್ ಇಟ್ಟುಕೊಳ್ಳಲು ಜಾಗವಿಲ್ಲ ಎಂದು ಇನ್ನು ಹೇಳುವಂತಿಲ್ಲ.

ಬಿಟ್ಟಿಯಾಗಿ ದುಡಿಯುವ ಸ್ವಯಂಸೇವಕರ ಮೇಲೆ ಹೀಗೆ ದಬಾಯಿಸುವುದು ನ್ಯಾಯವೇ ಎಂದು ಕೇಳಬಹುದು. ದಬಾಯಿಸುವುದು ನ್ಯಾಯವಲ್ಲ, ದೂರು ಕೊಡುವುದು ನ್ಯಾಯ. ಮುಕ್ತ ತಂತ್ರಾಂಶದಲ್ಲಿ ದೂರೇ ಕೊಡುಗೆ, ಅದು ಸರಿಯಾಗಿ ಬರೆದದ್ದಾದರೆ. ಕನ್ನಡದಲ್ಲಿ ಶಾರ್ಟ್‌ಕಟ್ ಕೆಲಸ ಮಾಡುತ್ತಿಲ್ಲ ಎಂದಷ್ಟೇ ಬರೆದರೆ ಜರ್ಮನಿಯಲ್ಲೋ ಬ್ರೆಜಿಲ್‌ನಲ್ಲೋ ಕೂತವರಿಗೆ ಏನೂ ತಿಳಿಯದು. ಲೇಔಟ್‌ಗಳು ಯಾವುವು, ಯಾವ ಕ್ರಮದಲ್ಲಿ, ಎಕ್ಸ್‌ಕೆಬಿಯೋ ಎಂ17ಎನ್‌ನದೋ, ಎಕ್ಸ್‌ಇವಿಯಲ್ಲಿ ಕಂಡ ಸಂಖ್ಯೆ ಎಷ್ಟು, ಅಕ್ಷರ ಯಾವುದು, ಇಂಗ್ಲಿಷಿಗೆ ಬದಲಿಸಿದಾಗ ಏನಾಯಿತು, ಇಷ್ಟು ಐದಾರು ಸಾಲು ಇದ್ದರೆ ಕನ್ನಡ ಓದಲು ಬಾರದವರೂ ತಮ್ಮ ಯಂತ್ರದಲ್ಲಿ ಆ ದೋಷವನ್ನು ಮತ್ತೆ ಹುಟ್ಟಿಸಿ ನೋಡಬಲ್ಲರು. ಲಿನಕ್ಸ್ ಹಾಕಿದ ಯಂತ್ರಗಳನ್ನು ಶಾಲೆಗೋ ಕಚೇರಿಗೋ ಹಂಚುವವರ ಹೊಣೆ ಇನ್ನೂ ಸ್ಪಷ್ಟ. ಹಂಚುವ ಮೊದಲು ಇಂಗ್ಲಿಷ್ ಲೇಔಟನ್ನು ಪಟ್ಟಿಯಲ್ಲಿ ಮೊದಲಿಡಬೇಕು, ಕನ್ನಡಕ್ಕೆ ಎಂ17ಎನ್ ದಾರಿಯನ್ನು ಆರಿಸಿಡಬೇಕು, ಭಾಷೆ ಬದಲಿಸಲು ಕಂಟ್ರೋಲ್-ಶಿಫ್ಟ್ ಬಿಟ್ಟು ಸೂಪರ್-ಸ್ಪೇಸ್ ಇಡಬೇಕು. ಆಮೇಲೆ ಕಡತ ಸಂಪಾದಕ, ಬ್ರೌಸರ್, ಲಿಬ್ರೆಆಫೀಸ್, ಟರ್ಮಿನಲ್ ಈ ನಾಲ್ಕರಲ್ಲೂ ಕನ್ನಡ ಲೇಔಟ್ ಆನ್ ಇರುವಾಗಲೇ ನಕಲಿಸಿ, ಅಂಟಿಸಿ, ಹುಡುಕಿ, ಟರ್ಮಿನಲ್ ಬಿಟ್ಟು ಉಳಿದವುಗಳಲ್ಲಿ ಉಳಿಸಿಯೂ ನೋಡಬೇಕು. ಟೆಂಡರ್ ಷರತ್ತುಗಳಲ್ಲಿ ಕನ್ನಡ ಬೆಂಬಲ ಎಂಬ ಸಾಲು ಹೇಗೂ ಇರುತ್ತದೆ. ಈ ಪರೀಕ್ಷೆಯನ್ನು ಅದರ ಕೆಳಗೆ ಬರೆದು, ಯಂತ್ರ ಒಪ್ಪಿಸಿಕೊಳ್ಳುವ ದಿನವೇ ಮಾಡಿ ನೋಡಲು ಅರ್ಧ ಗಂಟೆ ಸಾಕು.